ಎರಡು ಲಕ್ಷದಲ್ಲಿ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್: ಅವಲಕ್ಕಿ ಕಟ್ಟಿಕೊಂಡು ಹೋದರೆ ಸಾಕಾ?

ಎರಡು ಲಕ್ಷ ರೂಪಾಯಿ, ಹದಿನಾಲ್ಕು ದಿನ, ಮೂರು ದೇಶ, ಜೊತೆಗೆ ಒಂದು ಚೀಲ ಅವಲಕ್ಕಿ ಮತ್ತು ಚಟ್ನಿಪುಡಿ. ಹೀಗೆ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್ ಸುತ್ತಿದರೆ ಊಟದಲ್ಲಿ ಎಷ್ಟು ಉಳಿಸಬಹುದು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ 2023ರಲ್ಲಿ ನಾನು ಮಾಡಿಟ್ಟುಕೊಂಡಿದ್ದ ಎಕ್ಸೆಲ್ ಶೀಟ್ ಕಣ್ಣ ಮುಂದೆ ಬಂತು. ಅದರಲ್ಲಿ ಚಟ್ನಿಪುಡಿಗೂ ಒಂದು ಕಾಲಂ ಇತ್ತು. ದಿನಕ್ಕೆ ಮೂವತ್ತು ಗ್ರಾಂ. ದೇವರಾಣೆ.

ನಾನು ಹೋಗಿದ್ದು ಸ್ವಿಟ್ಜರ್ಲೆಂಡಿಗೆ ಮಾತ್ರ. ಆದರೆ ನೀವು ಮೂರು ದೇಶದಲ್ಲಿ ಮಾಡಲು ಹೊರಟಿದ್ದನ್ನು ನಾನು ಒಂದೇ ದೇಶದಲ್ಲಿ ಮಾಡಿದ್ದೆ. ಒಂಬತ್ತು ದಿನ, ಐದು ಊರು. ಜ್ಯೂರಿಕ್, ಲುಸರ್ನ್, ಇಂಟರ್‌ಲಾಕೆನ್, ಜರ್ಮಾಟ್, ಜಿನೀವಾ. ಸೆಪ್ಟೆಂಬರ್ ತಿಂಗಳು. ಆಗ ಒಂದು ಫ್ರಾಂಕ್‌ಗೆ ತೊಂಬತ್ತೆರಡು ರೂಪಾಯಿ ಆಸುಪಾಸು. ಈಗ ನೂರು ದಾಟಿದೆ, ನಿಮ್ಮ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಬೆಂಗಳೂರು ಬಿಡುವ ಮೊದಲೇ ಐದೂ ಊರಲ್ಲಿ ಹಾಸಿಗೆ ಬುಕ್ ಮಾಡಿದ್ದೆ. ರೂಮಲ್ಲ, ಹಾಸಿಗೆ. ಆರೆಂಟು ಜನ ಒಟ್ಟಿಗೆ ಮಲಗುವ ಡಾರ್ಮಿಟರಿ. ಅದಕ್ಕೇ ರಾತ್ರಿಗೆ ಐವತ್ತು ಫ್ರಾಂಕ್ ಹತ್ತಿರ. ಬುಕಿಂಗ್ ಮಾಡುವಾಗ ಎರಡು ರೇಟು ತೋರಿಸುತ್ತಿತ್ತು. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವುದು ಒಂದು, ಬಾರದಿರುವುದು ಇನ್ನೊಂದು. ಎರಡಕ್ಕೂ ರಾತ್ರಿಗೆ ಐದಾರು ಫ್ರಾಂಕ್ ವ್ಯತ್ಯಾಸ. ನಾನು ಎಲ್ಲಾ ಕಡೆ ಕಣ್ಣುಮುಚ್ಚಿ ಅಗ್ಗದ್ದನ್ನೇ ಒತ್ತಿದೆ. ಎಂಟು ರಾತ್ರಿಗೆ ನಲವತ್ತೈದು ಫ್ರಾಂಕ್ ಉಳಿಯಿತು ಅಂತ ಖುಷಿಯಾಗಿ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ಪರವಾಗಿಲ್ಲ, ಬುದ್ಧಿ ಬಂದಿದೆ" ಅಂದ. ಈ ನಲವತ್ತೈದು ಫ್ರಾಂಕ್ ಮರೆಯಬೇಡಿ, ಮುಂದೆ ಬರುತ್ತದೆ.

ನೀವು ಕೇಳಿದ್ದು ಊಟದ ಬಗ್ಗೆ ಅಲ್ವಾ? ಊಟದಲ್ಲಿ ನಾನು ಗೆದ್ದೆ ಅಂತಲೇ ಹೇಳಬೇಕು. ಬೆಳಿಗ್ಗೆ ಅವಲಕ್ಕಿ. ಮಧ್ಯಾಹ್ನ ಸೂಪರ್‌ಮಾರ್ಕೆಟ್ಟಿನ ಬ್ರೆಡ್ಡು, ಚೀಸು, ಬಾಳೆಹಣ್ಣು. ರಾತ್ರಿ ಹಾಸ್ಟೆಲ್ ಅಡುಗೆಮನೆಯಲ್ಲಿ ಅನ್ನ, ಬೇಳೆ. ಮಿಗ್ರೋಸ್, ಕೋಪ್, ಡೆನ್ನರ್ ಅಂತ ಅಂಗಡಿಗಳಿವೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಹೋದರೆ ಆ ದಿನ ಖರ್ಚಾಗಬೇಕಾದ ಪ್ಯಾಕೆಟ್‌ಗಳ ಮೇಲೆ ಅರ್ಧ ಬೆಲೆ ಸ್ಟಿಕ್ಕರ್ ಅಂಟಿಸಿರುತ್ತಾರೆ. ನೀರಿಗೆ ಒಂದು ಪೈಸೆ ಕೊಡಬೇಡಿ. ಜ್ಯೂರಿಕ್ ಊರೊಂದರಲ್ಲೇ ಸಾವಿರದ ಇನ್ನೂರಕ್ಕೂ ಹೆಚ್ಚು ಕಾರಂಜಿಗಳಿವೆ, ಬಾಟಲಿ ಹಿಡಿದು ತುಂಬಿಸಿಕೊಳ್ಳುವುದಷ್ಟೇ. ಭಾನುವಾರ ಮಾತ್ರ ಹುಷಾರು. ರೈಲ್ವೆ ಸ್ಟೇಷನ್ ಒಳಗಿನ ಅಂಗಡಿ ಬಿಟ್ಟರೆ ಹೆಚ್ಚುಕಮ್ಮಿ ಎಲ್ಲಾ ಬಂದ್. ಶನಿವಾರ ಸಂಜೆಯೂ ಬೇಗ ಮುಚ್ಚುತ್ತಾರೆ. ಇಷ್ಟು ಗೊತ್ತಿದ್ದರೆ ದಿನಕ್ಕೆ ಹದಿನೈದು ಫ್ರಾಂಕಲ್ಲಿ ಹೊಟ್ಟೆ ತುಂಬುತ್ತದೆ. ನನಗೆ ತುಂಬಿತ್ತು.

ಹಾಗಿದ್ದರೂ ಪ್ರವಾಸ ಕೆಟ್ಟಿತು. ಅದನ್ನು ಬಿಡಿಸಿ ಹೇಳಬೇಕು.

ಇಂಟರ್‌ಲಾಕೆನ್‌ನಲ್ಲಿ ನನಗೆ ಎರಡು ರಾತ್ರಿ, ಮಧ್ಯೆ ಒಂದೇ ಪೂರ್ತಿ ದಿನ. ಆ ದಿನ ಯುಂಗ್‌ಫ್ರಾಯೊಕ್‌ಗೆ ಹೋಗುವುದು. ಫೋಟೋದಲ್ಲಿ ನೋಡಿರುತ್ತೀರಿ, ಯುಂಗ್‌ಫ್ರಾ ಬೆಟ್ಟದ ಪಕ್ಕದಲ್ಲಿ 3454 ಮೀಟರ್ ಎತ್ತರದಲ್ಲಿರುವ ರೈಲ್ವೆ ಸ್ಟೇಷನ್. 1912ರ ಹೊತ್ತಿಗೇ ಆಯ್‌ಗರ್ ಪರ್ವತದ ಹೊಟ್ಟೆ ಕೊರೆದು ಹಳಿ ಹಾಕಿದ್ದಾರೆ. ಮೇಲೆ ನಿಂತರೆ ಆಲೆಚ್ ಹಿಮನದಿ ಕಾಣಬೇಕು. ಆಲ್ಪ್ಸ್‌ನಲ್ಲಿ ಅದಕ್ಕಿಂತ ದೊಡ್ಡ ಹಿಮನದಿ ಇಲ್ಲ. ನಮ್ಮ ಆಫೀಸಲ್ಲಿ ಸ್ವಿಟ್ಜರ್ಲೆಂಡ್ ಅಂದರೆ ಎಲ್ಲರೂ ಮೊದಲು ಕೇಳುವ ಜಾಗ ಅದೇ. ನನ್ನ ಹತ್ತಿರ ಹಾಫ್ ಫೇರ್ ಕಾರ್ಡ್ ಇತ್ತು. ಆಗ ಅದಕ್ಕೆ ನೂರಿಪ್ಪತ್ತು ಫ್ರಾಂಕ್. ಅದಿದ್ದರೆ ಒಂದು ತಿಂಗಳು ಹೆಚ್ಚಿನ ರೈಲು, ಬಸ್ಸು, ದೋಣಿ ಎಲ್ಲದರಲ್ಲೂ ಅರ್ಧ ದರ. ಆ ಅರ್ಧ ದರದಲ್ಲೂ ಮೇಲೆ ಹೋಗಿ ಬರುವುದಕ್ಕೆ ಹನ್ನೊಂದು ಸಾವಿರ ರೂಪಾಯಿ ಹತ್ತಿರ ಬಿತ್ತು. ಇಡೀ ಪ್ರವಾಸದ ಊಟದ ಖರ್ಚಿಗೆ ಹತ್ತಿರ ಹತ್ತಿರ.

ಬೆಳಿಗ್ಗೆ ಏಳಕ್ಕೆ ಸ್ಟೇಷನ್‌ಗೆ ಹೋದೆ. ಇಂಟರ್‌ಲಾಕೆನ್‌ನಲ್ಲಿ ಚಳಿ ಇತ್ತು, ಮೋಡ ಇತ್ತು, ಆದರೆ ಅಲ್ಲಲ್ಲಿ ನೀಲಿ ಆಕಾಶ ಕಾಣುತ್ತಿತ್ತು. ಸಾಕು ಅನ್ನಿಸಿತು. ಕೌಂಟರಲ್ಲಿದ್ದ ಹೆಂಗಸು ಟಿಕೆಟ್ ಕೊಡುವ ಮೊದಲು ಇಂಗ್ಲಿಷಲ್ಲಿ ಕೇಳಿದರು, "ಕ್ಯಾಮೆರಾ ನೋಡಿದಿರಾ?" ನಾನು ಕೊರಳಿಗೆ ನೇತು ಹಾಕಿಕೊಂಡಿದ್ದ ಕ್ಯಾಮೆರಾ ಎತ್ತಿ ತೋರಿಸಿ, "ಹೌದು, ತಂದಿದ್ದೀನಿ" ಅಂದೆ. ಆಯಮ್ಮ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಗೋಡೆ ಮೇಲಿದ್ದ ಟಿವಿ ಕಡೆ ಕೈ ತೋರಿಸಿದರು. ಟಿವಿ ಪೂರ್ತಿ ಬೆಳ್ಳಗಿತ್ತು. ಏನೂ ಇಲ್ಲ, ಬರೀ ಬಿಳಿ. ಟಿವಿ ಕೆಟ್ಟಿದೆ ಅಂದುಕೊಂಡೆ. ಕಾರ್ಡ್ ಮುಂದೆ ಚಾಚಿದೆ.

ಅದು ಮೇಲಿನ ಸ್ಟೇಷನ್‌ನ ಕ್ಯಾಮೆರಾದ ನೇರ ಪ್ರಸಾರ. ಟಿವಿ ಸರಿಯಾಗೇ ಇತ್ತು.

ಎರಡು ಗಂಟೆ ರೈಲಲ್ಲಿ ಹೋಗಿ ಮೇಲೆ ಇಳಿದೆ. ಆ ಟಿವಿಯಲ್ಲಿ ಕಂಡಿದ್ದೇ ಕಂಡಿತು. ವೀಕ್ಷಣಾ ಕಟ್ಟೆಗೆ ಲಿಫ್ಟಲ್ಲಿ ಹೋದೆ, ಕಂಬಿ ಹಿಡಿದು ನಿಂತೆ. ನನ್ನ ಕೈ ಕಾಣುತ್ತಿತ್ತು, ಕಂಬಿ ಕಾಣುತ್ತಿತ್ತು, ಅದರಾಚೆ ಬಿಳಿ. ಪಕ್ಕದಲ್ಲಿ ಒಬ್ಬ ಗುಜರಾತಿ ತಾತ ಮೊಮ್ಮಗನಿಗೆ ಹಿಮನದಿ ತೋರಿಸುತ್ತಿದ್ದರು. ಮೊಮ್ಮಗ "ಎಲ್ಲಿ?" ಅಂತ ಕೇಳುತ್ತಲೇ ಇದ್ದ. ಮೂರು ಗಂಟೆ ಕಾದೆ. ಹಿಮ ಕೊರೆದು ಮಾಡಿದ ಗುಹೆಯಲ್ಲಿ ಎರಡು ಸಲ ಓಡಾಡಿದೆ. ಅಲ್ಲೇ ಒಂದು ಇಂಡಿಯನ್ ಹೋಟೆಲ್ ಇದೆ, ಬಾಗಿಲಲ್ಲಿ ನಿಂತು ಒಗ್ಗರಣೆ ವಾಸನೆ ಕುಡಿದು ವಾಪಸ್ ಬಂದೆ.

ಮಾರನೇ ದಿನ ಬೆಳಿಗ್ಗೆ ಬ್ಯಾಗು ಹೊತ್ತು ಸ್ಟೇಷನ್ ಕಡೆ ನಡೆಯುತ್ತಿದ್ದೆ. ಇಂಟರ್‌ಲಾಕೆನ್ ಊರ ನಡುವೆ ಒಂದು ದೊಡ್ಡ ಹುಲ್ಲುಗಾವಲಿದೆ. ಅಲ್ಲಿ ಕಟ್ಟಡ ಕಟ್ಟಲು ಬಿಟ್ಟಿಲ್ಲ, ಹಾಗಾಗಿ ಬೆಟ್ಟ ನೇರವಾಗಿ ಕಾಣುತ್ತದೆ. ತಲೆ ಎತ್ತಿದರೆ ಯುಂಗ್‌ಫ್ರಾ ಪೂರ್ತಿ ನಿಂತಿದೆ, ಒಂದು ತುಣುಕು ಮೋಡ ಇಲ್ಲ. ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಆ ದಿನ ಹೋಗಬಹುದಿತ್ತು. ಆದರೆ ಜರ್ಮಾಟ್‌ನಲ್ಲಿ ದುಡ್ಡು ವಾಪಸ್ ಬಾರದ ಹಾಸಿಗೆ ನನಗಾಗಿ ಕಾಯುತ್ತಿತ್ತು. ಅಲ್ಲಿಗೆ ಹೋಗುವ ದಿನಕ್ಕೆ ಸೇವರ್ ಡೇ ಪಾಸ್ ಕೂಡ ತೆಗೆದಾಗಿತ್ತು. ಆ ಪಾಸ್ ಆರು ತಿಂಗಳು ಮುಂಚೆ ತೆಗೆದರೆ ಹಾಫ್ ಫೇರ್ ಕಾರ್ಡ್ ಇರುವವರಿಗೆ 29 ಫ್ರಾಂಕಿನಿಂದ ಸಿಗುತ್ತದೆ, ಇಡೀ ದಿನ ದೇಶ ಸುತ್ತಬಹುದು. ಒಳ್ಳೆಯದೇ. ಆದರೆ ತಾರೀಕು ಬದಲಾಯಿಸಲು ಆಗುವುದಿಲ್ಲ.

ಈಗ ಆ ನಲವತ್ತೈದು ಫ್ರಾಂಕ್ ನೆನಪಿಗೆ ತಂದುಕೊಳ್ಳಿ. ರಾತ್ರಿಗೆ ಐದಾರು ಫ್ರಾಂಕ್ ಜಾಸ್ತಿ ಕೊಟ್ಟಿದ್ದರೆ ಒಂದು ದಿನ ಮುಂದೆ ಹಾಕಬಹುದಿತ್ತು. ಅಷ್ಟನ್ನು ಉಳಿಸಲು ಹೋಗಿ ಹನ್ನೊಂದು ಸಾವಿರ ರೂಪಾಯಿ ಕೊಟ್ಟು ಮಂಜು ನೋಡಿ ಬಂದೆ. ಮಂಜು ನೋಡಲು ನನಗೆ ಅಷ್ಟು ದೂರ ಯಾಕೆ ಬೇಕಿತ್ತು? ನಮ್ಮೂರು ಮೂಡಿಗೆರೆ ಕಡೆ. ಚಾರ್ಮಾಡಿ ಕೆಳಗೆ ಉಜಿರೆಯಲ್ಲಿ ಬಿಸಿಲಿಗೆ ಬೆವರು ಸುರಿಯುತ್ತಿದ್ದರೆ, ಮೇಲೆ ಕೊಟ್ಟಿಗೆಹಾರದಲ್ಲಿ ಮುಂದಿನ ಬಸ್ಸಿನ ಲೈಟ್ ಕಾಣುವುದಿಲ್ಲ. ಚಿಕ್ಕಂದಿನಿಂದ ನೋಡಿದ್ದೇನೆ. ಇಂಟರ್‌ಲಾಕೆನ್ ಇರುವುದು 570 ಮೀಟರ್ ಎತ್ತರದಲ್ಲಿ. ಅಲ್ಲಿಂದ ಮೇಲಿನ ಸ್ಟೇಷನ್‌ಗೆ ಮೂರು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ, ಅದೂ ನೇರ ಮೇಲಕ್ಕೆ. ಕೆಳಗಿನ ಆಕಾಶ ನೋಡಿ ಮೇಲಿನದನ್ನು ಹೇಳಲು ಬರುವುದಿಲ್ಲ. ಎಷ್ಟೋ ಸಲ ಉಲ್ಟಾ ಕೂಡ ಆಗುತ್ತದೆ, ಕೆಳಗೆ ಕಣಿವೆ ಪೂರ್ತಿ ಮಂಜು, ಮೇಲೆ ಬಿಸಿಲು. ಅದಕ್ಕೇ ದೊಡ್ಡ ಶಿಖರಗಳ ಮೇಲೆಲ್ಲ ಕ್ಯಾಮೆರಾ ಇಟ್ಟಿರುತ್ತಾರೆ. ಫೋನಲ್ಲೇ ನೋಡಬಹುದು, ಪುಕ್ಕಟೆ. ಚಟ್ನಿಪುಡಿಗೆ ಕಾಲಂ ಹಾಕಿದ ಮನುಷ್ಯನಿಗೆ ಇದು ಹೊಳೆಯಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ, ಬೇಜಾರಾಗಬೇಡಿ. "ಊಟದಲ್ಲಿ ಎಷ್ಟು ಉಳಿಸಬಹುದು" ಅಂತ ಕೇಳಿದ್ದೀರಿ. ದುಡ್ಡು ಹೋಗುವುದು ಊಟಕ್ಕಲ್ಲ. ಒಂದೂರಿಂದ ಇನ್ನೊಂದೂರಿಗೆ ಓಡುವುದಕ್ಕೆ. ಎರಡು ದೇಶ ಬಿಡಿ. ಒಂದು ದೇಶ ಇಟ್ಟುಕೊಳ್ಳಿ. ಅದರಲ್ಲೂ ಒಂದು ಕಣಿವೆ ಸಾಕು.

ಮೂರೂ ಷೆಂಗೆನ್ ದೇಶ, ಒಂದೇ ವೀಸಾ ಸಾಕು ಅನ್ನುವ ಲೆಕ್ಕದಲ್ಲಿ ನೀವು ಮೂರು ಆರಿಸಿದ್ದೀರಿ ಅನ್ನಿಸುತ್ತದೆ. ವೀಸಾ ಫೀಸು 90 ಯುರೋ, ಅದು ಒಂದೇ ಸಲ, ನಿಜ. ಆದರೆ ಭೂಪಟ ತೆಗೆದು ನೋಡಿ. ಐಸ್‌ಲ್ಯಾಂಡ್ ಅಟ್ಲಾಂಟಿಕ್ ನಡುವೆ ಇದೆ. ಅಲ್ಲಿ ರೈಲೇ ಇಲ್ಲ. ದ್ವೀಪ ಸುತ್ತುವ ರಸ್ತೆ 1300 ಕಿಲೋಮೀಟರ್‌ಗಿಂತ ಜಾಸ್ತಿ. ಒಬ್ಬರೇ ಹೋಗಿ ಕಾರು ಬಾಡಿಗೆಗೆ ತೆಗೆದರೆ ನಿಮ್ಮ ಎರಡು ಲಕ್ಷ ಅಲ್ಲೇ ಕರಗುತ್ತದೆ. ನಾಲ್ಕು ಜನ ಸೇರಿದಾಗ ಆ ದೇಶಕ್ಕೆ ಹೋಗಿ. ನಾರ್ವೆಯಲ್ಲಿ ಟೆಂಟ್ ಇದ್ದವರಿಗೆ ಅನುಕೂಲ ಇದೆ. ಉಳುಮೆ ಇಲ್ಲದ ಬಯಲು ಜಾಗದಲ್ಲಿ, ಮನೆಗಳಿಂದ 150 ಮೀಟರ್ ದೂರ ಇದ್ದು, ಎರಡು ರಾತ್ರಿ ಟೆಂಟ್ ಹಾಕಲು ಅಲ್ಲಿನ ಕಾನೂನೇ ಬಿಡುತ್ತದೆ. ನಿಮಗೆ ಟೆಂಟಲ್ಲಿ ಮಲಗಿ ಅಭ್ಯಾಸ ಇದೆಯಾ? ಕುಮಾರಪರ್ವತದಲ್ಲಿ ಒಂದು ರಾತ್ರಿ ಮಲಗಿದ್ದು ಲೆಕ್ಕಕ್ಕೆ ಬರುವುದಿಲ್ಲ.

ನಾನು 2025ರ ಜೂನ್‌ನಲ್ಲಿ ಇನ್ನೊಂದು ಸಲ ಹೋದೆ. ಈ ಸಲ ಒಂದೇ ಊರು, ಇಂಟರ್‌ಲಾಕೆನ್ ಹತ್ತಿರದ ಕಣಿವೆಯಲ್ಲಿರುವ ಲಾಟರ್‌ಬ್ರುನೆನ್. ಏಳು ರಾತ್ರಿ ಒಂದೇ ಹಾಸ್ಟೆಲ್, ಒಂದೇ ಹಾಸಿಗೆ, ಫ್ರಿಜ್ಜಲ್ಲಿ ನನ್ನ ಹೆಸರು ಬರೆದ ಒಂದು ಮೊಸರಿನ ಡಬ್ಬಿ. ಕ್ಯಾನ್ಸಲ್ ಮಾಡಬಹುದಾದ ರೇಟೇ ತೆಗೆದುಕೊಂಡೆ. ಆ ಕಣಿವೆಯಲ್ಲಿ 72 ಜಲಪಾತ ಇದೆ ಅನ್ನುತ್ತಾರೆ. ನಾನು ಎಣಿಸಲಿಲ್ಲ. ಊರ ಪಕ್ಕದಲ್ಲೇ ಸ್ಟೌಬ್‌ಬಾಖ್ ಬೀಳುತ್ತದೆ, ಮುನ್ನೂರು ಮೀಟರ್ ಹತ್ತಿರ. ನಮ್ಮ ಜೋಗಕ್ಕಿಂತ ಎತ್ತರ, ಆದರೆ ಒಂದೇ ನೂಲಿನ ಹಾಗೆ. ಮಳೆಗಾಲದ ಜೋಗ ನೋಡಿದವರಿಗೆ ಅಷ್ಟೇನೂ ಅನ್ನಿಸುವುದಿಲ್ಲ, ನನಗಂತೂ ಅನ್ನಿಸಲಿಲ್ಲ. ನೋಡಲು ಟಿಕೆಟ್ ಮಾತ್ರ ಇಲ್ಲ.

ದಿನಾ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಕ್ಯಾಮೆರಾ ನೋಡುತ್ತಿದ್ದೆ. ಮೊದಲ ಮೂರು ದಿನ ಬಿಳಿ. ಕಣಿವೆಯಲ್ಲಿ ನಡೆದೆ, ಮಲಗಿದೆ, ಬಟ್ಟೆ ಒಗೆದೆ. ನಾಲ್ಕನೇ ದಿನ ಎಲ್ಲಾ ಶಿಖರ ಚೊಕ್ಕವಾಗಿ ಕಂಡವು. ಯುಂಗ್‌ಫ್ರಾಯೊಕ್‌ಗೆ ಅಂತ ದುಡ್ಡು ಬೇರೆ ತೆಗೆದಿಟ್ಟಿದ್ದೆ. ಹೋಗಲಿಲ್ಲ. ಕೇಬಲ್ ಕಾರಲ್ಲಿ ಗ್ರುಟ್ಶಾಲ್ಪ್‌ಗೆ ಹತ್ತಿದೆ, ಕೆಲವೇ ಫ್ರಾಂಕ್. ಅಲ್ಲಿಂದ ಮ್ಯೂರೆನ್ ಹಳ್ಳಿಯವರೆಗೆ ಪುಟ್ಟ ರೈಲಿದೆ, ಅದರ ಪಕ್ಕದಲ್ಲೇ ಕಾಲುದಾರಿ. ಹೆಚ್ಚುಕಮ್ಮಿ ಸಮತಟ್ಟು. ದಾರಿಯುದ್ದಕ್ಕೂ ಎದುರಿಗೆ ಆಯ್‌ಗರ್, ಮ್ಯೋಂಖ್, ಯುಂಗ್‌ಫ್ರಾ ಮೂರೂ ಸಾಲಾಗಿ ನಿಂತಿದ್ದವು. ಒಂದು ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿ ಪುಳಿಯೋಗರೆ ತಿಂದೆ. ಎರಡು ವರ್ಷದ ಹಿಂದೆ ಆ ಬೆಟ್ಟಗಳ ನಡುವೆಯೇ ನಿಂತಿದ್ದೆ, ಆಗ ಅವೇ ಕಂಡಿರಲಿಲ್ಲ.

ಮೊದಲ ಸಲ ವಿಮಾನ, ವೀಸಾ ಬಿಟ್ಟು ಒಂದು ಲಕ್ಷ ದಾಟಿತ್ತು. ಎರಡನೇ ಸಲ ಫ್ರಾಂಕ್ ದುಬಾರಿಯಾಗಿದ್ದರೂ ಎಂಬತ್ತು ಸಾವಿರದೊಳಗೆ ಮುಗಿಯಿತು. ಎರಡು ರಾತ್ರಿ ಕಡಿಮೆ ಆಗಲಿಲ್ವಾ ಅಂತ ಕೇಳಬೇಡಿ, ಒಂದೇ ಒಂದು ರಾತ್ರಿ ಕಡಿಮೆ. ಊರಿಗೆ ಬಂದಾಗ ಚಿಕ್ಕಪ್ಪ ಕೇಳಿದರು, "ಅಷ್ಟು ದೂರ ಹೋಗಿ ಒಂದೇ ಊರಾ? ಪ್ಯಾರಿಸ್ ಅಲ್ಲೇ ಪಕ್ಕದಲ್ಲಿತ್ತಲ್ಲೋ?" ನಿಮಗೂ ಇಂಥ ಚಿಕ್ಕಪ್ಪ ಇರುತ್ತಾರೆ. ನಕ್ಕು ಸುಮ್ನಾಗಿ.

ಪಾಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಒಂದೇ ಕಡೆ ಕೂರುವವರಿಗೆ ಹಾಫ್ ಫೇರ್ ಕಾರ್ಡ್ ಸರಿ. ದಿನಾ ಊರೂರು ಓಡುವವರಿಗೆ ಸ್ವಿಸ್ ಟ್ರಾವೆಲ್ ಪಾಸ್, ಅದಿದ್ದರೆ ಹೆಚ್ಚಿನ ರೈಲು, ಬಸ್ಸಿಗೆ ಬೇರೆ ಟಿಕೆಟ್ ಬೇಡ. ಆದರೆ ಆ ಪಾಸಿದ್ದರೂ ಯುಂಗ್‌ಫ್ರಾಯೊಕ್‌ನ ಮೇಲಿನ ಭಾಗಕ್ಕೆ ಕಾಲು ಭಾಗ ಮಾತ್ರ ರಿಯಾಯಿತಿ, ಇದು ಎಷ್ಟೋ ಜನಕ್ಕೆ ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ. ಉಳಿದುಕೊಂಡ ಕಡೆ ಗೆಸ್ಟ್ ಕಾರ್ಡ್ ಕೊಡುತ್ತಾರಾ ಅಂತ ಕೇಳಿ. ಇಂಟರ್‌ಲಾಕೆನ್‌ನಲ್ಲಿ ಅದಿದ್ದರೆ ಸುತ್ತಲಿನ ಬಸ್ಸು ಪುಕ್ಕಟೆ. ದಕ್ಷಿಣದ ಟಿಚೀನೊ ಪ್ರಾಂತ್ಯದಲ್ಲಂತೂ ಹಾಸ್ಟೆಲಲ್ಲಿ ಒಂದು ರಾತ್ರಿ ಉಳಿದರೂ ಇಡೀ ಪ್ರಾಂತ್ಯದ ಬಸ್ಸು, ರೈಲು ಓಡಾಟ ಪುಕ್ಕಟೆ. ಮುಂದಿನ ಸಲ ನಾನು ಅಲ್ಲಿಗೇ ಹೋಗುವುದು.

ಇನ್ನು ಅವಲಕ್ಕಿ. ಹದಿನಾಲ್ಕು ದಿನಕ್ಕೆ ಒಂದೂವರೆ ಕೆ.ಜಿ. ಸಾಕು. ಗಟ್ಟಿ ಅವಲಕ್ಕಿ ಬೇಡ, ತೆಳು ಅವಲಕ್ಕಿ ತೆಗೆದುಕೊಳ್ಳಿ, ಬಿಸಿನೀರೂ ಬೇಕಾಗುವುದಿಲ್ಲ. ಮೊಸರು ಅಲ್ಲೇ ಚೆನ್ನಾಗಿ ಸಿಗುತ್ತದೆ. ಅಮ್ಮ ತುಪ್ಪದ ಡಬ್ಬಿ ಇಡಲು ಬರುತ್ತಾರೆ, ಬೇಡ ಅನ್ನಿ. ನಮ್ಮ ದೇಶದಿಂದ ಹಾಲಿನ ಪದಾರ್ಥ ಅಲ್ಲಿಗೆ ಒಯ್ಯುವಂತಿಲ್ಲ. ನಾನು ಕಾಲು ಕೆ.ಜಿ. ತುಪ್ಪವನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ಅಣ್ಣನ ಕೈಗೇ ವಾಪಸ್ ಕೊಟ್ಟೆ.