ಹೆಂಡತಿಯ ಪ್ರಾರ್ಥನೆಯನ್ನು ತಿದ್ದುವ ಅಧಿಕಾರ ಗಂಡನಿಗಿದೆಯೇ?

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಓದಿ ಮುಗಿಸಿದ ಮೇಲೆ ಬೇರೆ ಪತ್ರಗಳನ್ನು ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ. ಉತ್ತರಕ್ಕಾಗಿ ಕಾದಿರುವ ಉಳಿದವರು ಮನ್ನಿಸಬೇಕು. ಈ ಸಲದ ಅಂಕಣವನ್ನು ಪೂರ್ತಿಯಾಗಿ ನಿಮಗೇ ಮೀಸಲಿಡುತ್ತಿದ್ದೇನೆ.

ಓದುಗರಿಗಾಗಿ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ನಿಮ್ಮ ಮದುವೆಯಾಗಿ ಒಂಬತ್ತು ವರ್ಷಗಳಾಗಿವೆ, ಇಬ್ಬರು ಮಕ್ಕಳಿದ್ದಾರೆ, ಗಂಡಹೆಂಡತಿ ಇಬ್ಬರೂ ದುಡಿಯುತ್ತೀರಿ. ನಿಮ್ಮ ಪತಿ ಕುಡಿಯುವವರಲ್ಲ, ಕೈಯೆತ್ತುವವರಲ್ಲ, ಮಕ್ಕಳೆಂದರೆ ಪ್ರಾಣ ಬಿಡುವವರು. ಎರಡು ವರ್ಷಗಳಿಂದ ಅವರು ಸಭೆಯ ಪುರುಷರ ವೇದಾಧ್ಯಯನ ಕೂಟಕ್ಕೆ ಹೋಗುತ್ತಿದ್ದಾರೆ, ಮತ್ತು ಅದನ್ನು ನಡೆಸುವ ಹಿರಿಯರೊಬ್ಬರ ಮಾತು ಅವರಿಗೆ ವೇದವಾಕ್ಯಕ್ಕೆ ಸಮಾನವಾಗಿದೆ. ಹೆಂಡತಿಯ ಮಾತು ಕೇಳಿದ್ದೇ ಆದಾಮನ ಮೊದಲ ತಪ್ಪು ಎಂಬುದು ಆ ಹಿರಿಯರ ಬೋಧನೆ. ಈಗ ನೀವು ಉದ್ಯೋಗ ಬಿಟ್ಟು ಮನೆಯಲ್ಲಿರಬೇಕೆಂದು ಪತಿ ನಿಶ್ಚಯಿಸಿದ್ದಾರೆ. ಅದನ್ನು ನಿಮ್ಮೊಂದಿಗೆ ಚರ್ಚಿಸಲಿಲ್ಲ, ನಿಮಗೆ ತಿಳಿಸಿದರು, ಅಷ್ಟೇ. ನೀವು ಹಿಂಜರಿದಾಗ ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದ 22ನೆಯ ವಚನವನ್ನು ಓದಿ, ಸ್ತ್ರೀಯರು ತಮ್ಮ ಗಂಡಂದಿರಿಗೆ ಅಧೀನರಾಗಿರಬೇಕೆಂಬುದನ್ನು ನೆನಪಿಸಿದರು. ಒಪ್ಪದಿರುವುದು ಪಾಪವೇ, ಸಂತೋಷದಿಂದ ಅಧೀನಳಾಗಿರುವುದನ್ನು ಹೇಗೆ ಕಲಿಯಲಿ ಎಂದು ನೀವು ಕೇಳಿದ್ದೀರಿ.

ಉದ್ಯೋಗದ ಪ್ರಶ್ನೆಗೆ ಉತ್ತರ ಕಷ್ಟದ್ದೇನಲ್ಲ. ಅಕ್ವಿಲನೂ ಪ್ರಿಸ್ಕಿಲ್ಲಳೂ ಗುಡಾರ ಮಾಡುವ ಕಸುಬಿನವರಾಗಿದ್ದರೆಂದು ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯ ಹೇಳುತ್ತದೆ. ಪೌಲನು ಅವರ ಮನೆಯಲ್ಲಿಯೇ ಇದ್ದು ಅವರೊಂದಿಗೆ ಕೆಲಸ ಮಾಡಿದನು. ಜ್ಞಾನೋಕ್ತಿಗಳ 31ನೆಯ ಅಧ್ಯಾಯದ ಗುಣವತಿಯು ಹೊಲವನ್ನು ತಾನೇ ನೋಡಿ ಕೊಂಡುಕೊಳ್ಳುತ್ತಾಳೆ, ತನ್ನ ಸಂಪಾದನೆಯಿಂದ ದ್ರಾಕ್ಷಿತೋಟ ಹಾಕಿಸುತ್ತಾಳೆ. ನೀವು ದುಡಿಯುವುದು ಪಾಪವಲ್ಲ. ನನ್ನ ಅಭಿಪ್ರಾಯ ಬೇರೆಯೆಂದು ಹೇಳುವುದೂ ಪಾಪವಲ್ಲ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಈ ಪ್ರಶ್ನೆಯಲ್ಲ. ಪತ್ರದ ಕೊನೆಯಲ್ಲಿ, ಸಹಿಗೆ ಮೊದಲು, ಸುಮ್ಮನೆ ಹೇಳಿದೆ ಎಂಬಂತೆ ನೀವು ಸೇರಿಸಿರುವ ನಾಲ್ಕು ಸಾಲುಗಳು.

ಒಂದು ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ನೀವು, "ಕರ್ತನೇ, ನನಗೆ ತುಂಬಾ ದಣಿವಾಗಿದೆ, ಬಲ ಕೊಡು" ಎಂದು ಪ್ರಾರ್ಥಿಸಿದಿರಿ. ಆಮೆನ್ ಆದ ಕೂಡಲೇ ಪತಿ, ಮಕ್ಕಳ ಮುಂದೆಯೇ, "ಇದು ಪ್ರಾರ್ಥನೆಯಲ್ಲ, ದೂರು" ಎಂದು ತಿದ್ದಿದರು. ಮತ್ತೊಂದು ದಿನ ಅಸ್ವಸ್ಥರಾದ ನಿಮ್ಮ ತಾಯಿಗಾಗಿ ಪ್ರಾರ್ಥಿಸಿದಾಗ, ಮದುವೆಯಾದವಳು ತವರಿನ ಚಿಂತೆಯನ್ನು ಮೊದಲು ತರಬಾರದು ಎಂದರು. "ಆಮೇಲೆ ನಾನು ಬಾಯಿಬಿಟ್ಟು ಪ್ರಾರ್ಥಿಸುವುದನ್ನು ಬಿಟ್ಟೆ. ಅವರು ಮಾಡುತ್ತಾರೆ, ನಾನು ಆಮೆನ್ ಹೇಳುತ್ತೇನೆ. ಈಗ ಒಂದು ವರ್ಷವಾಯಿತು. ಮನೆಯಲ್ಲಿ ಶಾಂತಿ ಇದೆ, ಇದೇನೂ ದೊಡ್ಡ ವಿಷಯವಲ್ಲ" ಎಂದು ಬರೆದಿದ್ದೀರಿ.

ಸಹೋದರಿ, ನಿಮ್ಮ ಪತ್ರದಲ್ಲಿ ದೊಡ್ಡ ವಿಷಯವೆಂದರೆ ಇದೊಂದೇ. ಉದ್ಯೋಗವನ್ನು ಇಂದು ಬಿಟ್ಟರೆ ನಾಳೆ ಇನ್ನೊಂದು ಸಿಕ್ಕೀತು. ದೇವರೊಂದಿಗೆ ಮಾತಾಡುವ ನಿಮ್ಮ ದನಿಯನ್ನು ನಿಮ್ಮ ಮನೆಯೊಳಗೇ ಅಡಗಿಸಿಕೊಂಡಿರಲ್ಲ, ಅದನ್ನು ಶಾಂತಿಯೆಂದು ಕರೆಯಲು ನಾನು ಸಿದ್ಧನಿಲ್ಲ. ಇಲ್ಲಿ ನಿಮ್ಮ ಮೇಲೂ ನನಗೆ ಸ್ವಲ್ಪ ಬೇಸರವಿದೆ. ಉದ್ಯೋಗದ ವಿಷಯದಲ್ಲಿ ವಾದ ಮಾಡಿದ ನೀವು ಪ್ರಾರ್ಥನೆಯ ವಿಷಯದಲ್ಲಿ ಒಂದು ಮಾತೂ ಆಡದೆ ಬಿಟ್ಟುಕೊಟ್ಟಿರಿ. ನಿಮ್ಮ ಮಕ್ಕಳು ಒಂದು ವರ್ಷದಿಂದ ಪ್ರತಿ ಸಂಜೆ ಏನನ್ನು ಕಲಿಯುತ್ತಿದ್ದಾರೆಂದು ಯೋಚಿಸಿ: ದೇವರೊಂದಿಗೆ ಅಪ್ಪ ಮಾತಾಡುತ್ತಾರೆ, ಅಮ್ಮ ತಲೆಯಾಡಿಸುತ್ತಾರೆ.

ಆಯಾಸವನ್ನು ಹೇಳಿಕೊಂಡರೆ ಅದು ದೂರು, ದೂರು ಪ್ರಾರ್ಥನೆಯಾಗಲಾರದು ಎಂದು ನಿಮ್ಮ ಪತಿಗೆ ಯಾರು ಕಲಿಸಿದರೋ ತಿಳಿಯದು. ಹಾಗಿದ್ದರೆ ಕೀರ್ತನೆಗಳ ಗ್ರಂಥದಲ್ಲಿ ಎಷ್ಟು ಪುಟಗಳನ್ನು ಹರಿದುಹಾಕಬೇಕಾದೀತು! 13ನೆಯ ಕೀರ್ತನೆ ಆರಂಭವಾಗುವುದೇ ಇನ್ನೆಷ್ಟು ಕಾಲ ನನ್ನನ್ನು ಮರೆತಿರುವಿ ಎಂಬ ಮೊರೆಯಿಂದ. 142ನೆಯದರಲ್ಲಿ ಭಕ್ತನು ತನ್ನ ಚಿಂತೆಯನ್ನೂ ಬಾಧೆಯನ್ನೂ ದೇವರ ಮುಂದೆ ಸುರಿಯುತ್ತೇನೆಂದು ಬಾಯಿಬಿಟ್ಟು ಹೇಳುತ್ತಾನೆ. 88ನೆಯದು ಕೊನೆಯವರೆಗೂ ಕತ್ತಲೆಯಲ್ಲಿಯೇ ಉಳಿಯುತ್ತದೆ, ಸಮಾಧಾನದ ಒಂದು ಸಾಲೂ ಅದರ ಅಂತ್ಯದಲ್ಲಿಲ್ಲ. ಸಭೆಯು ಇವುಗಳನ್ನು ಶತಮಾನಗಳಿಂದ ಪ್ರಾರ್ಥನೆಗಳೆಂದೇ ಓದಿಕೊಂಡು ಬಂದಿದೆ.

ಈಗ ಸಮುವೇಲನ ಮೊದಲನೆಯ ಗ್ರಂಥದ ಹನ್ನಳ ಬಳಿಗೆ ಬರೋಣ. ಮಕ್ಕಳಿಲ್ಲದ ಸಂಕಟದಿಂದ ಅವಳು ಶೀಲೋವಿನ ದೇವಾಲಯದಲ್ಲಿ ಪ್ರಾರ್ಥಿಸುವಾಗ ತುಟಿಗಳು ಮಾತ್ರ ಅಲುಗಾಡಿದವು, ದನಿ ಕೇಳಿಸಲಿಲ್ಲ. ಯಾಜಕನಾದ ಏಲಿಯು ಅವಳು ಅಮಲಿನಲ್ಲಿದ್ದಾಳೆಂದು ತಿಳಿದು ಗದರಿದನು. ಅವಳು ಸುಮ್ಮನಾಗಲಿಲ್ಲ. ಹಾಗಲ್ಲ ಸ್ವಾಮೀ, ನಾನು ಮನೋವ್ಯಥೆಯಿಂದ ದೇವರ ಮುಂದೆ ನನ್ನ ಹೃದಯವನ್ನು ಬಿಚ್ಚುತ್ತಿದ್ದೇನೆ ಎಂದು ಗೌರವದಿಂದಲೇ ಉತ್ತರ ಕೊಟ್ಟಳು. ಏಲಿಯು ತನ್ನ ಮಾತಿಗೇ ಅಂಟಿಕೊಳ್ಳದೆ, ಸಮಾಧಾನದಿಂದ ಹೋಗು ಎಂದು ಆಶೀರ್ವದಿಸಿ ಕಳುಹಿಸಿದನು. ಒಬ್ಬ ಯಾಜಕನೇ ಹೆಣ್ಣಿನ ಪ್ರಾರ್ಥನೆಯನ್ನು ತಿದ್ದಲು ಹೋಗಿ ತಾನೇ ತಿದ್ದಿಸಿಕೊಂಡ ಪ್ರಸಂಗವಿದು.

ಇದರಲ್ಲಿ ಇನ್ನೂ ಒಂದು ಸಂಗತಿಯಿದೆ, ಅದನ್ನು ನಿಮ್ಮ ಪತಿ ಗಮನಿಸಬೇಕು. ಗಂಡುಮಗು ಹುಟ್ಟಿದರೆ ಅದನ್ನು ದೇವರಿಗೇ ಒಪ್ಪಿಸುವೆನೆಂದು ಹನ್ನಳು ಹರಕೆ ಹೊತ್ತಳು. ಅರಣ್ಯಕಾಂಡದ 30ನೆಯ ಅಧ್ಯಾಯದ ನಿಯಮದಂತೆ ಹೆಂಡತಿಯ ಹರಕೆ ಕಿವಿಗೆ ಬಿದ್ದ ದಿನವೇ ಅದನ್ನು ರದ್ದುಮಾಡುವ ಹಕ್ಕು ಗಂಡನಿಗಿತ್ತು. ಹರಕೆಯಾದರೋ ಹನ್ನಳ ಗಂಡನಾದ ಎಲ್ಕಾನನ ಸ್ವಂತ ಮಗನಿಗೆ ಸಂಬಂಧಪಟ್ಟದ್ದು. ಆದರೂ ಅವನು ಆ ಹಕ್ಕನ್ನು ಬಳಸಿದನೆಂದು ಎಲ್ಲಿಯೂ ಬರೆದಿಲ್ಲ; ನಿನಗೆ ಸರಿತೋರಿದಂತೆ ಮಾಡು, ಕರ್ತನು ತನ್ನ ಮಾತನ್ನು ನೆರವೇರಿಸಲಿ ಎಂದನು. ಇಬ್ಬರು ಹೆಂಡಿರನ್ನು ಕಟ್ಟಿಕೊಂಡು ಮನೆಯಲ್ಲಿ ಕಣ್ಣೀರಿಗೆ ಕಾರಣನಾದ ಎಲ್ಕಾನನು ಆದರ್ಶ ಗಂಡನೆಂದು ನಾನು ಹೇಳುವುದಿಲ್ಲ. ಆದರೆ ಹೆಂಡತಿಗೂ ದೇವರಿಗೂ ನಡುವೆ ನಡೆದ ಮಾತಿನಲ್ಲಿ, ಧರ್ಮಶಾಸ್ತ್ರವೇ ಅಧಿಕಾರ ಕೊಟ್ಟಿದ್ದಾಗಲೂ, ಅವನು ಕೈಹಾಕಲಿಲ್ಲ. ಅವರ ಮಗ ಸಮುವೇಲನು ಪ್ರವಾದಿಯಾಗಿ ಬೆಳೆದದ್ದು ಆ ಹರಕೆಯ ಫಲವಾಗಿ.

ಎಫೆಸ ಪತ್ರಿಕೆಯ ವಿಷಯಕ್ಕೆ ಬರುತ್ತೇನೆ. ಈ ಅಂಕಣದಲ್ಲಿ ನಾನು ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುವೆನು: ಸಂಗಾತಿಗೆ ಬಂದ ಕಾಗದವನ್ನು ಒಡೆದು ಓದಬೇಡಿ, ನಿಮಗೆ ಬಂದದ್ದನ್ನು ಓದಿ. ಪೌಲನಿಗಿಂತ ಹಿಂದಿನ ಗ್ರೀಕ್ ತತ್ತ್ವಜ್ಞಾನಿಗಳು ಮನೆವಾರ್ತೆಯ ಬಗ್ಗೆ ಬರೆದಾಗ, ಅರಿಸ್ಟಾಟಲನೂ ಸೇರಿದಂತೆ, ಮಾತಾಡಿದ್ದು ಮನೆಯ ಗಂಡಸಿನೊಂದಿಗೆ. ಹೆಂಡತಿ, ಮಕ್ಕಳು ಮತ್ತು ಆಳುಗಳನ್ನು ಆಳುವುದು ಹೇಗೆಂಬುದೇ ಅವರ ವಿಷಯವಾಗಿತ್ತು. ಪೌಲನು ಹೆಂಡತಿಯರೊಂದಿಗೆ ನೇರವಾಗಿ ಮಾತಾಡುತ್ತಾನೆ, ಆಮೇಲೆ ಗಂಡಂದಿರ ಕಡೆಗೆ ತಿರುಗುತ್ತಾನೆ. 22ರಿಂದ 24ರವರೆಗಿನ ಮೂರು ವಚನಗಳು ನಿಮಗೆ ಬರೆದವು. ಅವನ್ನು ನೀವು ಓದಿಕೊಳ್ಳಬೇಕು, ಅವುಗಳ ಭಾರವನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಗಂಡಂದಿರೇ, ನಿಮ್ಮ ಹೆಂಡತಿಯರನ್ನು ಅಧೀನಪಡಿಸಿಕೊಳ್ಳಿರಿ ಎಂಬ ಅಪ್ಪಣೆ ಆ ಅಧ್ಯಾಯದಲ್ಲಿ ಇಲ್ಲ. ಪೌಲನ ಬೇರೆ ಪತ್ರಿಕೆಗಳಲ್ಲಿಯೂ ಇಲ್ಲ, ಪೇತ್ರನ ಪತ್ರಿಕೆಗಳಲ್ಲಿಯೂ ಇಲ್ಲ. ಗಂಡನಿಗೆ ಬರೆದದ್ದು 25ನೆಯ ವಚನದಿಂದ ಶುರುವಾಗುತ್ತದೆ, ಅದು ಬಹಳ ಉದ್ದವಾಗಿಯೂ ಇದೆ: ಕ್ರಿಸ್ತನು ಸಭೆಗಾಗಿ ತನ್ನನ್ನು ಒಪ್ಪಿಸಿಕೊಟ್ಟ ಹಾಗೆ ಪ್ರೀತಿಸಬೇಕು, ಸ್ವಂತ ಶರೀರದಂತೆ ಪೋಷಿಸಿ ಸಂರಕ್ಷಿಸಬೇಕು. ಇವೆಲ್ಲಕ್ಕೂ ಮುಂಚೆ, 21ನೆಯ ವಚನದಲ್ಲಿ, ಕ್ರಿಸ್ತನ ಭಯದಿಂದ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂಬ ಮಾತು ಇಬ್ಬರಿಗೂ ಇದೆ. ಪತಿಯೇ ತಲೆಯೆಂದು ಸಂಶಯವಿಲ್ಲದೆ ಬೋಧಿಸಿದ 4ನೆಯ ಶತಮಾನದ ಯೋಹಾನ ಕ್ರಿಸೊಸ್ತೋಮನೂ ಇದೇ ಅಧ್ಯಾಯವನ್ನು ವಿವರಿಸುವಾಗ, ಬಾಳಿನ ಜೊತೆಗಾತಿಯನ್ನು ಭಯದಿಂದಲೂ ಬೆದರಿಕೆಯಿಂದಲೂ ಕಟ್ಟಿಹಾಕಬಾರದು, ಗಂಡನಿಗೆ ಹೆದರಿ ನಡುಗುವ ಹೆಂಡತಿಯೊಂದಿಗೆ ಅದೆಂಥ ದಾಂಪತ್ಯ ಎಂದು ಕೇಳಿದ್ದನು. 1988ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬರೆದ ಪ್ರೇಷಿತ ಪತ್ರವೂ ಮದುವೆಯಲ್ಲಿ ಅಧೀನತೆ ಪರಸ್ಪರವಾದದ್ದೆಂದು ಸ್ಪಷ್ಟಪಡಿಸಿತು. ನೀವು ಯಾವ ಸಭೆಯವರೇ ಆಗಿರಿ, ಇದು ಹೊಸಕಾಲದವರು ಹುಟ್ಟಿಸಿದ ಮಾತೆಂದು ಯಾರೂ ನಿಮಗೆ ಹೇಳದಿರಲಿ.

ನಿಮ್ಮ ಪತಿಯ ಮೇಲೆ ನನಗೆ ಕೋಪಕ್ಕಿಂತ ಮರುಕವೇ ಹೆಚ್ಚು. ದೇವರಿಗೆ ಮೆಚ್ಚುಗೆಯಾಗುವ ಗಂಡನಾಗಬೇಕೆಂದು ಅವರು ನಿಜವಾಗಿಯೂ ಆಸೆಪಟ್ಟು ಆ ಕೂಟಕ್ಕೆ ಹೋದರು. ನನ್ನ ಕೋಪವೆಲ್ಲ ಆ ಹಿರಿಯರ ಮೇಲಿದೆ. ಆದಾಮನು ಹೆಂಡತಿಯ ಮಾತು ಕೇಳಿ ಕೆಟ್ಟನೆಂದು ಬೋಧಿಸುವವರು ಆದಿಕಾಂಡದ 3ನೆಯ ಅಧ್ಯಾಯಕ್ಕೇ ಪುಸ್ತಕ ಮುಚ್ಚಿದರೇ? ಆದಾಮನು ತಪ್ಪಿದ್ದು ತಿನ್ನಬೇಡವೆಂದು ದೇವರು ಹೇಳಿದ್ದ ಹಣ್ಣನ್ನು ತಿಂದದ್ದರಲ್ಲಿ. ಅದೇ ಗ್ರಂಥದ 21ನೆಯ ಅಧ್ಯಾಯದಲ್ಲಿ, ಅಬ್ರಹಾಮನು ಮನಸ್ಸಿಲ್ಲದೆ ಕೊರಗುತ್ತಿರುವಾಗ, ಅವನ ಹೆಂಡತಿ ಸಾರಳು ಹೇಳಿದಂತೆಯೇ ಮಾಡೆಂದು ದೇವರೇ ಅಪ್ಪಣೆ ಕೊಡುತ್ತಾನೆ. ನ್ಯಾಯಸ್ಥಾಪಕರ ಗ್ರಂಥದ 13ನೆಯ ಅಧ್ಯಾಯದಲ್ಲಿ ಸಂಸೋನನ ತಂದೆಯಾದ ಮನೋಹನು, ದೇವರನ್ನು ಕಂಡೆವು, ಇನ್ನು ಸತ್ತೇ ಹೋಗುವೆವು ಎಂದು ಹೆದರಿ ಕೂತಾಗ, ನಮ್ಮನ್ನು ಕೊಲ್ಲುವ ಮನಸ್ಸಿದ್ದರೆ ಆತನು ನಮ್ಮ ಯಜ್ಞವನ್ನು ಸ್ವೀಕರಿಸುತ್ತಿರಲಿಲ್ಲ ಎಂದು ಧೈರ್ಯ ಹೇಳಿದವಳು ಅವನ ಹೆಂಡತಿ. ಆ ಮನೆಯಲ್ಲಿ ದೇವರ ಮನಸ್ಸನ್ನು ಸರಿಯಾಗಿ ಅರಿತವಳು ಅವಳೇ. ಅವಳ ಹೆಸರೂ ನಮಗೆ ಉಳಿದು ಬಂದಿಲ್ಲ. ಇನ್ನೊಬ್ಬರ ಸಂಸಾರದ ಬಗ್ಗೆ ಬೋಧಿಸುವ ಜವಾಬ್ದಾರಿ ಹೊತ್ತವರು ವೇದದ ಈ ಭಾಗಗಳನ್ನು ದಾಟಿ ಮುಂದೆ ಹೋಗುವುದು ಕ್ಷಮೆಗೆ ಅರ್ಹವಾದ ಮರೆವಲ್ಲ.

ಗಂಡನಿಗೆ ಬಂದ ಕಾಗದವೊಂದು ಪೇತ್ರನ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿಯೂ ಇದೆ. ಬರೆದ ಪೇತ್ರನಿಗೆ ಸಂಸಾರದ ಅನುಭವವಿತ್ತು. ಯೇಸು ಅವನ ಅತ್ತೆಯ ಜ್ವರವನ್ನು ವಾಸಿಮಾಡಿದ್ದನ್ನು ಸುವಾರ್ತೆಯಲ್ಲಿ ಓದುತ್ತೇವೆ. 7ನೆಯ ವಚನದಲ್ಲಿ ಅವನು ಹೇಳುವುದೇನೆಂದರೆ, ಹೆಂಡತಿಯು ಜೀವವರಕ್ಕೆ ನಿಮ್ಮೊಂದಿಗೆ ಬಾಧ್ಯಳೆಂದು ತಿಳಿದು ಅವಳಿಗೆ ಮಾನ ಸಲ್ಲಿಸಿರಿ, ಆಗ ನಿಮ್ಮ ಪ್ರಾರ್ಥನೆಗಳಿಗೆ ಅಡ್ಡಿಯಾಗುವುದಿಲ್ಲ. ನಿಮ್ಮ ಮನೆಯ ಪ್ರತಿ ಸಂಜೆಯ ವಿಷಯವನ್ನೇ ಅಪೊಸ್ತಲನು ಬರೆದಿದ್ದಾನೆಂದು ನನಗೆ ಅನ್ನಿಸುತ್ತದೆ. ಹೆಂಡತಿಯ ಪ್ರಾರ್ಥನೆಗೆ ಮಾನ ಕೊಡದ ಗಂಡನು ತನ್ನ ಪ್ರಾರ್ಥನೆಗೇ ಅಡ್ಡಗೋಡೆ ಕಟ್ಟಿಕೊಳ್ಳುತ್ತಾನೆ, ನಿಮ್ಮ ಮೌನದಿಂದ ನಷ್ಟವಾಗುತ್ತಿರುವುದು ನಿಮಗೊಬ್ಬರಿಗೇ ಅಲ್ಲ. ದಂಪತಿ ಪರಸ್ಪರ ಮಾತು ಬಿಡುವುದಕ್ಕೆ ಎಷ್ಟೋ ಮುಂಚೆ ಒಟ್ಟಿಗೆ ಪ್ರಾರ್ಥಿಸುವುದನ್ನು ಬಿಟ್ಟಿರುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆ. ನಿಮ್ಮಲ್ಲಿ ಇನ್ನೂ ಪ್ರತಿ ಸಂಜೆ ಒಟ್ಟಿಗೆ ಕುಳಿತುಕೊಳ್ಳುವ ರೂಢಿ ಉಳಿದಿದೆ; ಅದಕ್ಕಾಗಿಯೇ ನನಗೆ ನಿಮ್ಮ ಬಗ್ಗೆ ಬಹಳ ಭರವಸೆಯಿದೆ.

ಮಾಡಬೇಕಾದದ್ದು ಒಂದೇ: ಮತ್ತೆ ಬಾಯಿಬಿಟ್ಟು ಪ್ರಾರ್ಥಿಸಿ. ಪ್ರಾರ್ಥನೆಯ ಹೊತ್ತಿನಲ್ಲಿ ಚರ್ಚೆ ಬೇಡ. ಅದಕ್ಕೆ ಮೊದಲು, ಹಗಲಿನಲ್ಲಿ, ಮಕ್ಕಳು ಹತ್ತಿರವಿಲ್ಲದಾಗ, ಪತಿಗೆ ಹೀಗೆ ಹೇಳಿ: "ಇಂದಿನಿಂದ ನಾನೂ ಪ್ರಾರ್ಥಿಸುತ್ತೇನೆ. ನೀವು ಪ್ರಾರ್ಥಿಸುವಾಗ ನಾನು ಆಮೆನ್ ಹೇಳುವ ಹಾಗೆ, ನಾನು ಪ್ರಾರ್ಥಿಸುವಾಗ ನೀವೂ ಆಮೆನ್ ಹೇಳಿ. ನನ್ನ ಮಾತು ದೇವರಿಗೆ ಇಷ್ಟವಾಗದಿದ್ದರೆ ಆತನೇ ನನ್ನನ್ನು ತಿದ್ದುತ್ತಾನೆ." ಆ ಸಂಜೆ ನಿಮ್ಮ ದಣಿವನ್ನೂ ನಿಮ್ಮ ತಾಯಿಯ ಹೆಸರನ್ನೂ ಹೇಳಿ ಪ್ರಾರ್ಥಿಸಿ, ಎರಡೇ ಸಾಲಾದರೂ ಸಾಕು. ಅವರು ಮತ್ತೆ ತಿದ್ದಿದರೆ ವಾದ ಬೇಡ, ಆದರೆ ಮರುದಿನ ಮತ್ತೆ ಪ್ರಾರ್ಥಿಸಿ. ಕೆಲವು ವಾರಗಳಾದರೂ ಬದಲಾಗದಿದ್ದರೆ ನಿಮ್ಮ ಸಭಾಪಾಲಕರನ್ನೂ ಅವರ ಪತ್ನಿಯನ್ನೂ ಇಬ್ಬರೂ ಒಟ್ಟಾಗಿ ಹೋಗಿ ಕಾಣಿರಿ. ಆ ಹಿರಿಯರನ್ನು ಈ ಮಾತುಕತೆಗೆ ಕರೆಯಬೇಡಿ. ಮಾತು ಮೀರಿ ಕೈಯೆತ್ತುವ ಅಥವಾ ಬೆದರಿಸುವ ದಿನ ಬಂದರೆ ಈ ಸಲಹೆ ಅಲ್ಲಿಗೆ ಮುಗಿಯಿತು. ಆಗ ಮಕ್ಕಳೊಂದಿಗೆ ಸುರಕ್ಷಿತ ಸ್ಥಳಕ್ಕೆ ಹೋಗಿ ಸಹಾಯ ಕೇಳಬೇಕು, ಅದನ್ನು ಸಹಿಸಿಕೊಳ್ಳಬೇಕೆಂದು ಯಾವ ವಚನವೂ ನಿಮಗೆ ವಿಧಿಸಿಲ್ಲ.

ರಾಜೀನಾಮೆಯ ವಿಷಯ ಆಮೇಲೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ಪೌಲನು, ದಂಪತಿ ಪ್ರಾರ್ಥನೆಗೋಸ್ಕರ ಸ್ವಲ್ಪ ಕಾಲ ಅಗಲಿರುವುದಕ್ಕೂ ಇಬ್ಬರ ಸಮ್ಮತಿ ಇರಬೇಕೆನ್ನುತ್ತಾನೆ. ಅಂಥ ಪವಿತ್ರ ಕಾರ್ಯಕ್ಕೇ ಇಬ್ಬರ ಒಪ್ಪಿಗೆ ಬೇಕಾದರೆ ನಿಮ್ಮ ದುಡಿಮೆಯ ತೀರ್ಮಾನಕ್ಕೆ ಬೇಡವೇ? ಅವರು ತಮ್ಮ ಮಾತಿನಲ್ಲಿಯೂ ನೀವು ನಿಮ್ಮ ಮಾತಿನಲ್ಲಿಯೂ, ಒಬ್ಬರನ್ನೊಬ್ಬರು ತಿದ್ದದೆ, ಈ ವಿಷಯಕ್ಕಾಗಿ ಒಟ್ಟಿಗೆ ಪ್ರಾರ್ಥಿಸಿ ಒಮ್ಮನಸ್ಸಿಗೆ ಬರುವವರೆಗೆ ರಾಜೀನಾಮೆ ಪತ್ರಕ್ಕೆ ಸಹಿ ಹಾಕಬೇಡಿ.