ಮೊದಲ ಮಹಾಯುದ್ಧದ ಪೈಲಟ್‌ಗಳಾದ ಬೋಲ್ಕೆ ಮತ್ತು ಇಮ್ಮೆಲ್‌ಮನ್ ನಡುವೆ ಪೈಪೋಟಿ ಏಕೆ ಹುಟ್ಟಿತು?

ಉರುಳಿಸಿದ ವಿಮಾನಗಳ ಲೆಕ್ಕ ನೋಡಿ ಪದಕ ಕೊಡುತ್ತಿದ್ದರು. ಹಾಗೆ ಉರುಳಿಸಬಲ್ಲ ಹೊಸ ವಿಮಾನ ಆಗ ಕೆಲವೇ ಪೈಲಟ್‌ಗಳ ಕೈಯಲ್ಲಿತ್ತು. ಪೈಪೋಟಿಗೆ ಮುಖ್ಯ ಕಾರಣ ಇದೇ.

1915ರಲ್ಲಿ ಓಸ್ವಾಲ್ಡ್ ಬೋಲ್ಕೆ ಮತ್ತು ಮ್ಯಾಕ್ಸ್ ಇಮ್ಮೆಲ್‌ಮನ್ ಉತ್ತರ ಫ್ರಾನ್ಸಿನ ಡುವೆಯಲ್ಲಿ ಒಂದೇ ಜರ್ಮನ್ ತುಕಡಿಯಲ್ಲಿದ್ದರು. ಅವರಿಗೆ ಸಿಕ್ಕಿದ ಒಂಟಿ ರೆಕ್ಕೆಜೋಡಿಯ ಫೋಕರ್ ವಿಮಾನದಲ್ಲಿ, ಮುಂದೆ ತಿರುಗುವ ಪ್ರೊಪೆಲರ್‌ನ ಅಲಗುಗಳ ನಡುವಿನಿಂದಲೇ ಮೆಷಿನ್‌ಗನ್ ಹಾರಿಸಬಹುದಿತ್ತು. ಎಂಜಿನ್‌ಗೆ ಜೋಡಿಸಿದ ಸಾಧನವೊಂದು, ಅಲಗು ಅಡ್ಡ ಬರುವ ಕ್ಷಣದಲ್ಲಿ ಗುಂಡು ಹೊರಡದಂತೆ ತಡೆಯುತ್ತಿತ್ತು. ಹಾಗಾಗಿ ಪೈಲಟ್ ಇಡೀ ವಿಮಾನವನ್ನೇ ಶತ್ರುವಿನತ್ತ ಗುರಿಯಿಟ್ಟು, ಒಬ್ಬನೇ ಬೇಟೆಯಾಡಬಲ್ಲವನಾದ. ಕಂದಕಗಳಲ್ಲಿ ಸಾವಿರಾರು ಜನ ಹೆಸರಿಲ್ಲದೆ ಸಾಯುತ್ತಿದ್ದಾಗ, ಆಕಾಶದ ಗೆಲುವಿಗೆ ಮಾತ್ರ ಸ್ಪಷ್ಟವಾಗಿ ಒಬ್ಬನ ಹೆಸರಿತ್ತು. ಪತ್ರಿಕೆಗಳಿಗೂ ಸರ್ಕಾರಕ್ಕೂ ಅಂಥ ಹೆಸರುಗಳು ಬೇಕಾಗಿದ್ದವು.

ಆದರೂ ಇದನ್ನು ಹಗೆತನ ಎಂದುಕೊಳ್ಳುವುದು ತಪ್ಪು. ತಲಾ ಎಂಟು ಗೆಲುವುಗಳಾದ ಮೇಲೆ ಇಬ್ಬರಿಗೂ ಪ್ರಷ್ಯಾದ ಅತ್ಯುನ್ನತ ಶೌರ್ಯಪದಕ ಒಂದೇ ದಿನ, 1916ರ ಜನವರಿ 12ರಂದು ದೊರೆಯಿತು. ಜೂನ್‌ನಲ್ಲಿ ಇಮ್ಮೆಲ್‌ಮನ್ ಸತ್ತ. ಬೋಲ್ಕೆಯನ್ನೂ ಕಳೆದುಕೊಳ್ಳಬಾರದೆಂದು ಚಕ್ರವರ್ತಿ ಅವನನ್ನು ಕೆಲಕಾಲ ಹಾರಾಟದಿಂದ ದೂರವಿಟ್ಟ. ಮರಳಿ ಬಂದ ಬೋಲ್ಕೆ ಅಕ್ಟೋಬರ್ 28ರಂದು ತನ್ನದೇ ತುಕಡಿಯ ವಿಮಾನಕ್ಕೆ ತಾಗಿ ಬಿದ್ದು ಸತ್ತ.