ಗುಬ್ಬಿ ಕಂಪನಿಯಿಂದ ಬೇಡ, ಬದುಕಿರುವವರಿಂದ ಶುರು ಮಾಡಿ

(ತುಮಕೂರಿನ ಉಪನ್ಯಾಸಕರೊಬ್ಬರ ಪತ್ರದ ಸಾರ: ನಮ್ಮ ಊರಿನ ಮಂಗಳಮುಖಿಯರು, ಸಲಿಂಗಿಗಳ ಚರಿತ್ರೆಯನ್ನು ಯಾರೂ ಕೂಡಿಟ್ಟಿಲ್ಲ. ವಿದ್ಯಾರ್ಥಿಗಳ ಜೊತೆ ಸೇರಿ ಹಳೇ ಫೋಟೋ, ನೆನಪುಗಳನ್ನು ಸಂಗ್ರಹಿಸಿ ಪ್ರದರ್ಶನ ಮಾಡಬೇಕೆಂದಿದ್ದೇನೆ. ಗುಬ್ಬಿ ಕಂಪನಿಯ ಸ್ತ್ರೀಪಾತ್ರಧಾರಿಗಳಿಂದ ಶುರು ಮಾಡಲೇ?)

ಪ್ರಿಯ ಮೇಷ್ಟ್ರೇ,

ಖಂಡಿತ ಮಾಡಿ. ಆದರೆ ಗುಬ್ಬಿಯಿಂದ ಬೇಡ. 1884ರಲ್ಲಿ ಹುಟ್ಟಿದ ಆ ನಾಟಕ ಕಂಪನಿ ನಮ್ಮ ಜಿಲ್ಲೆಯ ಹೆಮ್ಮೆ. ಆಗ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು, ನಿಜ. ಹೆಂಗಸರು ರಂಗಕ್ಕೆ ಬರುವುದೇ ಕಷ್ಟವಾಗಿದ್ದ ಕಾಲದಲ್ಲಿ ಅದು ಕಸುಬು. ಸೀರೆ ಉಟ್ಟು ಹಾಡಿದವರ ಮನಸ್ಸಿನಲ್ಲಿ ಏನಿತ್ತು ಅಂತ ಅವರು ಹೇಳದೆ ನಾವು ಹೇಳುವುದು ಸರಿಯಲ್ಲ. ತೀರಿಹೋದವರಿಗೆ ಇವತ್ತಿನ ಹೆಸರು ಅಂಟಿಸಿದರೆ, ಎದ್ದು ಬಂದು ಅಲ್ಲ ಅನ್ನುವುದಕ್ಕೆ ಅವರಿಗೆ ಆಗುತ್ತದೆಯೇ?

ಜಮಾತಿನ, ಅಂದರೆ ಮಂಗಳಮುಖಿಯರ ಕೂಟದ, ಹಿರಿಯರ ಹತ್ತಿರ ಹೋಗಿ. ಅವರ ಮೊದಲ ಪ್ರಶ್ನೆ, ‘ಇದನ್ನೆಲ್ಲ ಬರ್ಕೊಂಡು ಏನ್ ಮಾಡ್ತೀರಿ?’ ಅಂತಲೇ ಇರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಅನುಮಾನ ಬಂದ ಹಿಜಡಾಗಳ ಹೆಸರು, ವಿಳಾಸದ ರಿಜಿಸ್ಟರ್ ಇಡುವ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ ಕೊಟ್ಟಿದ್ದರು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಅದನ್ನು ತಿದ್ದಿದರು. ಇನ್ನು ಭಾರತೀಯ ದಂಡ ಸಂಹಿತೆಯ 377ನೇ ಕಲಂ, ಒಪ್ಪಿ ಕೂಡಿದ ಸಲಿಂಗಿ ವಯಸ್ಕರನ್ನೂ 2018ರ ಸೆಪ್ಟೆಂಬರ್ 6ರವರೆಗೆ ಅಪರಾಧಿಗಳನ್ನಾಗಿಯೇ ನೋಡುತ್ತಿತ್ತು. ಅಂಥ ದಿನಗಳಲ್ಲಿ ಒಂದು ಪ್ರೇಮಪತ್ರ ಇಟ್ಟುಕೊಳ್ಳುವುದೂ ಅಪಾಯ, ಅಲ್ವಾ? ಹಾಗಾಗಿ ಕಾಗದ ಜಾಸ್ತಿ ಸಿಗುವುದಿಲ್ಲ. ಠಾಣೆ, ಕೋರ್ಟುಗಳಲ್ಲಿ ಸಿಕ್ಕರೂ ಅಲ್ಲಿರುವುದು ಇವರ ಮೇಲಿನ ಆರೋಪ. ಇವರ ಬದುಕು ಇವರ ಬಾಯಿಂದಲೇ ಬರಬೇಕು.

ಒಂದು ದಿನ ಕೂತು ಮಾತಾಡಿದರೆ ಆ ದಿನದ ಸಂಪಾದನೆ ಹೋಗುತ್ತದೆ. ಮೊದಲು ಗೌರವಧನ ಕೊಡಿ, ಶಾಲು ಹಾರ ಆಮೇಲೆ. ಮಾತಾಡಲು ಒಪ್ಪಿದವರು ಪ್ರದರ್ಶನಕ್ಕೂ ಒಪ್ಪಿದ್ದಾರೆ ಅಂದುಕೊಳ್ಳಬೇಡಿ. ರೆಕಾರ್ಡ್ ಮಾಡಿದ್ದನ್ನು ಅವರಿಗೆ ಕೇಳಿಸಿ. ಯಾವುದು ಈಗಲೇ ಎಲ್ಲರಿಗೂ, ಯಾವುದು ತಾವು ಹೋದ ಮೇಲೆ, ಯಾವುದು ಎಂದಿಗೂ ಬೇಡ ಅಂತ ಅವರೇ ಹೇಳಲಿ. ನಾಳೆ ಮನಸ್ಸು ಬದಲಾದರೆ ಅಳಿಸಿಬಿಡಿ.

ಫೋಟೋಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಸ್ಟುಡಿಯೋ ಪರದೆ ಮುಂದೆ ಐದು ಜನ ನಿಂತ ಫೋಟೋ ಸಿಕ್ಕಿತು ಅನ್ನಿ. ಕೊಟ್ಟವರೇನೋ ಒಪ್ಪಿದ್ದಾರೆ. ಎಡಗಡೆ ಕೊನೆಯಲ್ಲಿ ನಿಂತವರು ಈಗ ಶಿರಾದಲ್ಲೋ ಮಧುಗಿರಿಯಲ್ಲೋ ಹೆಂಡತಿ ಮಕ್ಕಳ ಜೊತೆ ಇರಬಹುದು. ಅವರ ಮುಖವನ್ನು ಗೋಡೆಗೆ ಹಾಕುವ ಹಕ್ಕು ನಮಗಿಲ್ಲ. ಆ ಮುಖ ಕಾಣದಂತೆ ಮಾಡಿ ಹಾಕಿ, ಇಲ್ಲವೇ ಆ ಫೋಟೋವನ್ನೇ ಬಿಡಿ. ಮೂಲ ಫೋಟೋ ಮನೆಯವರ ಹತ್ತಿರವೇ ಇರಲಿ, ಸ್ಕ್ಯಾನ್ ಮಾತ್ರ ನಿಮಗೆ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋ ಸೀಲು, ಪೆನ್ನಿನಲ್ಲಿ ಬರೆದ ಇಸವಿ ಇರುವುದು ಅಲ್ಲೇ. ಅಂಟಿನ ಹಾಳೆಯ ಆಲ್ಬಂ ಆದರೆ ಕೀಳಲು ಹೋಗಬೇಡಿ, ಪುಟದ ಸಮೇತ ಫೋಟೋ ತೆಗೆಯಿರಿ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ, ಒಮ್ಮೆ ಮಾಡಿಸಿದರೆ ಬಿಡಿಸಲು ಬರುವುದಿಲ್ಲ.

ಇದೆಲ್ಲ ವಿದ್ಯಾರ್ಥಿಗಳ ಮೊಬೈಲಿನಲ್ಲಿ ಉಳಿಯಬಾರದು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ‘ಕಮ್ರಾ’ ಅನ್ನುವ ಸಂಗ್ರಹ ಇದೆ. ಇಂಥ ದಾಖಲೆಗಳನ್ನು ಜೋಪಾನ ಮಾಡುವುದೇ ಅವರ ಕೆಲಸ, ಅವರ ಜೊತೆ ಮಾತಾಡಿ. ಒಂದು ಪ್ರತಿ ಮಾತ್ರ ತುಮಕೂರಿನಲ್ಲೇ, ಹಿರಿಯರ ಕೈಯಲ್ಲಿರಲಿ.

ಪ್ರದರ್ಶನ ತೆರೆಯುವ ಹಿಂದಿನ ದಿನ, ಬಾಗಿಲು ಹಾಕಿ, ಕಥೆ ಕೊಟ್ಟವರಿಗೆ ಮಾತ್ರ ತೋರಿಸಿ. ಬೇಡ ಅಂದಿದ್ದನ್ನು ಅಲ್ಲೇ ಇಳಿಸಿ. ನಮ್ಮ ಪುಟಗಳೂ ನಿಮಗೆ ತೆರೆದಿವೆ. ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದ ಮೇಲೆಯೇ ಅಚ್ಚಿಗೆ ಕಳಿಸುತ್ತೇವೆ.

– ಸಂಪಾದಕ